ಮರಗೆಲಸದಲ್ಲಿ ಜಿಗ್: ಉಜ್ಜುವ ಯಂತ್ರಕ್ಕೊಂದು ಸ್ವಹಸ್ತದ ಸಹಾಯಕ

12ನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರಿದ್ದರು, ಬಿದಿರು ಹೆಣೆಯುವ ಮೇದಾರ ಕೇತಯ್ಯನವರಿದ್ದರು, ಮರಗೆಲಸದ ಬಾಚಿಕಾಯಕದ ಬಸವಣ್ಣನವರಿದ್ದರು. ಬಾಚಿಯೆಂಬುದು ಬಡಗಿಯು ಮರವನ್ನು ಕೆತ್ತುವ ಉಪಕರಣ. ವಚನಕಾರರೊಬ್ಬರ ಹೆಸರಿನೊಳಗೇ ಉಪಕರಣವೊಂದು ಸೇರಿಕೊಂಡಿರುವುದು ಗಮನಿಸತಕ್ಕ ಸಂಗತಿ. ಕಾಯಕವನ್ನು ಗೌರವಿಸುವವರು ಉಪಕರಣವನ್ನೂ ಅದರ ತಿಳಿವಳಿಕೆಯನ್ನೂ ಗೌರವಿಸಬೇಕಾಗುತ್ತದೆ. ಇಂದಿನ ಶಾಲಾ ಕಾರ್ಯಾಗಾರದಲ್ಲಿ ಬಾಚಿ, ಉಳಿ, ಹತ್ತರಿಗಳ ಪಕ್ಕದಲ್ಲಿ ವಿದ್ಯುತ್ತಿನಿಂದ ನಡೆಯುವ ಉಜ್ಜುವ ಯಂತ್ರವೂ ಬಂದು ನಿಂತಿದೆ. ಅದನ್ನು ಹಲಗೆಯ ಅಂಚು ನಯಗೊಳಿಸುವುದಕ್ಕೆ ಮಾತ್ರ ಬಳಸಿದರೆ ಅದರ ಸಾಮರ್ಥ್ಯದ ಅಲ್ಪಭಾಗವಷ್ಟೇ ಉಪಯೋಗಕ್ಕೆ ಬರುತ್ತದೆ. ಪ್ಲೈವುಡ್ಡಿನ ನಾಲ್ಕು ತುಂಡು, ಒಂದು ಮೊಳೆ, ಒಂದು ಬೋಲ್ಟು, ಇಷ್ಟರಿಂದ ವಿದ್ಯಾರ್ಥಿಯೇ ಮಾಡಿಕೊಳ್ಳಬಹುದಾದ ಒಂದು ಜಿಗ್ ಅದೇ ಯಂತ್ರದಿಂದ ಶುದ್ಧವಾದ ವೃತ್ತವನ್ನೂ ಬಿರುಕಿಲ್ಲದ ಚೌಕಟ್ಟನ್ನೂ ತೆಗೆಯಬಲ್ಲದು.

ಜಿಗ್ ಎಂದರೇನು?

ಕೆಲಸದ ತುಂಡನ್ನು ಉಪಕರಣದ ಮುಂದೆ ಗೊತ್ತಾದ ದೂರದಲ್ಲಿ, ಗೊತ್ತಾದ ಕೋನದಲ್ಲಿ ಹಿಡಿದು ನಡೆಸುವ ಸಾಧನಕ್ಕೆ ಜಿಗ್ ಎಂದು ಹೆಸರು. ಹೆಸರು ಇಂಗ್ಲಿಷಿನದಾದರೂ ತತ್ತ್ವವು ಹೊಸದಲ್ಲ. ಕೈವಾರದ ಒಂದು ಕಾಲು ನೆಟ್ಟು ಇನ್ನೊಂದು ಕಾಲು ತಿರುಗಿದಾಗ ವೃತ್ತವುಂಟಾಗುತ್ತದೆ. ಎತ್ತು ಗಾಣವನ್ನು ಸುತ್ತುವಾಗಲೂ ನಡೆಯುವುದು ಅದೇ. ಚನ್ನಪಟ್ಟಣದ ಕುಶಲಕರ್ಮಿಯು ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ಬೊಂಬೆ ಕಡೆಯುವಾಗಲೂ ಅದೇ. ನಡುಬಿಂದು ಅಲುಗಬಾರದು, ದೂರ ಬದಲಾಗಬಾರದು. ಇವೆರಡನ್ನು ಕೈಯ ಹಿಡಿತಕ್ಕೆ ಬಿಡದೆ ಮರದ ಚೌಕಟ್ಟಿಗೆ ಒಪ್ಪಿಸುವುದೇ ಜಿಗ್ಗಿನ ಕಾರ್ಯ.

ಯಂತ್ರದ ಪರಿಚಯ

ಇಲ್ಲಿ ವಿವರಿಸುವುದು ಡಿಸ್ಕ್ ಸ್ಯಾಂಡರ್ ಎಂಬ ಯಂತ್ರಕ್ಕೆ ಹೊಂದುವ ಜಿಗ್. ನೆಟ್ಟಗೆ ನಿಂತ ಲೋಹದ ತಟ್ಟೆಯೊಂದಕ್ಕೆ ಉಪ್ಪುಕಾಗದ ಅಂಟಿಸಿರುತ್ತದೆ. ಮೋಟಾರು ಆ ತಟ್ಟೆಯನ್ನು ತಿರುಗಿಸುತ್ತದೆ. ಅದರ ಮುಂದೆ ಒಂದು ಮೇಜು ಇರುತ್ತದೆ. ಅನೇಕ ಯಂತ್ರಗಳಲ್ಲಿ ತಟ್ಟೆಗೆ ಸಮಾನಾಂತರವಾಗಿ ಮೇಜಿನಲ್ಲಿ ಒಂದು ತೋಡು ಇರುತ್ತದೆ.

ಉದಾಹರಣೆಗೆ ತಟ್ಟೆಯ ವ್ಯಾಸ 300 ಮಿಲಿಮೀಟರು, ವೇಗ ನಿಮಿಷಕ್ಕೆ 1440 ಸುತ್ತು ಎಂದಿಟ್ಟುಕೊಳ್ಳೋಣ. ಅಂಚಿನ ಒಂದು ಬಿಂದು ಸೆಕೆಂಡಿಗೆ ಸುಮಾರು 22.6 ಮೀಟರು ಚಲಿಸುತ್ತದೆ. ನಡುವಿನಿಂದ ಅಂಚಿಗೆ ಅರ್ಧ ದೂರದಲ್ಲಿ ಈ ವೇಗ 11.3 ಮೀಟರು ಮಾತ್ರ. ಸರಿಯಾಗಿ ನಡುವಿನಲ್ಲಿ ಶೂನ್ಯ. ಅಂಚಿಗೆ ಹೋದಷ್ಟೂ ಮರ ಬೇಗ ಸವೆಯುತ್ತದೆ, ಬೇಗ ಸುಡುತ್ತದೆ. ಕೈಯಲ್ಲಿ ಹಿಡಿದು ಉಜ್ಜಿದ ತುಂಡಿನ ಅಂಚು ಡೊಂಕಾಗುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ತಿರುಗುವ ತಟ್ಟೆಯ ಒಂದು ಅರ್ಧ ಕೆಳಗಿಳಿಯುತ್ತಿರುತ್ತದೆ, ಇನ್ನೊಂದು ಅರ್ಧ ಮೇಲೇಳುತ್ತಿರುತ್ತದೆ. ಇಳಿಯುವ ಅರ್ಧವು ಕೆಲಸದ ತುಂಡನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ; ಏಳುವ ಅರ್ಧವು ಅದನ್ನು ಮೇಲಕ್ಕೆಸೆಯುತ್ತದೆ. ಎಲ್ಲ ಕೆಲಸವೂ ಇಳಿಯುವ ಅರ್ಧದಲ್ಲಿಯೇ ನಡೆಯತಕ್ಕದ್ದು. ಅದು ಯಾವುದೆಂದು ತಿಳಿಯಲು ಯಂತ್ರವನ್ನು ಒಮ್ಮೆ ನಡೆಸಿ ಆರಿಸಬೇಕು. ತಟ್ಟೆ ನಿಧಾನವಾಗಿ ನಿಲ್ಲುವಾಗ ಕಣ್ಣಿಗೇ ಕಾಣುತ್ತದೆ. ಆ ಬದಿಯ ಮೇಜಿನ ಮೇಲೆ ಬಣ್ಣದಿಂದ ಗುರುತು ಹಾಕಿದರೆ ಮುಂದೆ ಬರುವ ವಿದ್ಯಾರ್ಥಿಗಳಿಗೂ ಉಪಕಾರವಾಗುತ್ತದೆ.

ಉಪ್ಪುಕಾಗದದ ನಂಬರು

ಗಾಜಿನ ಪುಡಿ ಅಂಟಿಸಿದ ಕಾಗದವನ್ನು ಲಂಡನ್ನಿನಲ್ಲಿ ಜಾನ್ ಓಕಿ ಎಂಬಾತನು 1833ರ ಸುಮಾರಿಗೆ ಹೆಚ್ಚಿನ ಪ್ರಮಾಣದಲ್ಲಿ ತಯಾರಿಸತೊಡಗಿದನು. ಇಂದಿನ ಕಾಗದದ ಮೇಲಿರುವುದು ಬಹುಮಟ್ಟಿಗೆ ಅಲ್ಯುಮಿನಿಯಂ ಆಕ್ಸೈಡಿನ ಹರಳು. ಕಾಗದದ ಹಿಂಬದಿಯಲ್ಲಿ ಅಚ್ಚಾದ ನಂಬರು ಏರಿದಷ್ಟೂ ಹರಳು ಸಣ್ಣದು. ಪಿ 80 ನಂಬರಿನ ಕಾಗದದಲ್ಲಿ ಹರಳಿನ ಸರಾಸರಿ ಗಾತ್ರ ಸುಮಾರು 0.2 ಮಿಲಿಮೀಟರು, ಪಿ 120ರಲ್ಲಿ 0.125 ಮಿಲಿಮೀಟರು. ಆಕಾರ ತರುವ ಕೆಲಸಕ್ಕೆ 80, ಕೊನೆಯ ನಯಕ್ಕೆ 120 ಸಾಕಾಗುತ್ತದೆ. ಸವೆದ ಕಾಗದವು ಮರವನ್ನು ಕತ್ತರಿಸುವುದಿಲ್ಲ, ತಿಕ್ಕಿ ಬಿಸಿ ಮಾಡುತ್ತದೆ, ಅಂಚು ಕಪ್ಪಾಗುತ್ತದೆ. ಆದುದರಿಂದ ಹಳೆಯ ಕಾಗದದಲ್ಲಿ ಉಳಿಸಿದ ಹಣ ಉಳಿತಾಯವಲ್ಲ.

ವೃತ್ತದ ಜಿಗ್ಗನ್ನು ಮಾಡುವ ಕ್ರಮ

1. ತಳಹಲಗೆ: 12 ಮಿಲಿಮೀಟರು ದಪ್ಪದ ಪ್ಲೈವುಡ್ಡನ್ನು ಮೇಜಿನ ಅಳತೆಗೆ ತಕ್ಕಂತೆ, ಸುಮಾರು 350 ಮಿಲಿಮೀಟರು ಉದ್ದ, 200 ಮಿಲಿಮೀಟರು ಅಗಲ ಕೊಯ್ಯಬೇಕು. ಉದ್ದದ ಒಂದು ಅಂಚು ತಟ್ಟೆಯ ಕಡೆಗಿರಬೇಕು. ತಟ್ಟೆಗೂ ಹಲಗೆಗೂ 2 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಹೆಚ್ಚಾದರೆ ಸಣ್ಣ ತುಂಡುಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

2. ಜಾರುದಾರಿ: 6 ಮಿಲಿಮೀಟರು ದಪ್ಪದ ಎರಡು ಪ್ಲೈವುಡ್ ತುಂಡುಗಳನ್ನು ನಡುವೆ 40 ಮಿಲಿಮೀಟರು ಅಗಲದ ದಾರಿ ಬಿಟ್ಟು ತಳಹಲಗೆಯ ಮೇಲೆ ಅಂಟಿಸಬೇಕು. ಈ ದಾರಿ ತಟ್ಟೆಗೆ ಲಂಬವಾಗಿರಬೇಕು; ಮೂಲೆಮಟ್ಟವಿಟ್ಟು ಪರೀಕ್ಷಿಸಬೇಕು. ದಾರಿಯ ನಡುಗೆರೆಯು ತಟ್ಟೆಯ ನಡುವಿನಿಂದ ಇಳಿಯುವ ಬದಿಗೆ 75 ಮಿಲಿಮೀಟರು ದೂರದಲ್ಲಿ ಬರುವಂತೆ ಜಿಗ್ಗನ್ನು ಮೇಜಿನ ಮೇಲೆ ಇಡಬೇಕು. ಮರಕ್ಕೂ ತಟ್ಟೆಗೂ ಸ್ಪರ್ಶವಾಗುವ ಬಿಂದು ಆಗ ಅಂಚಿಗೂ ನಡುವಿಗೂ ಸಮದೂರದಲ್ಲಿರುತ್ತದೆ.

3. ಜಾರುಪಟ್ಟಿ: ಆ ದಾರಿಯಲ್ಲಿ ಸಡಿಲವೂ ಇಲ್ಲದೆ ಬಿಗಿಯೂ ಆಗದೆ ಜಾರುವಂಥ, 300 ಮಿಲಿಮೀಟರು ಉದ್ದದ ತೇಗದ ಪಟ್ಟಿಯನ್ನು ಹತ್ತರಿ ಹೊಡೆದು ಸಿದ್ಧಪಡಿಸಬೇಕು. ಪಟ್ಟಿಯ ಮೇಲ್ಮೈ ಪಕ್ಕದ ಹಲಗೆಗಳಿಗಿಂತ ಎತ್ತರವಾಗಬಾರದು. ಸ್ವಲ್ಪ ಮೇಣ ಸವರಿದರೆ ಸಲೀಸಾಗಿ ಜಾರುತ್ತದೆ.

4. ನಡುಮೊಳೆ: ಪಟ್ಟಿಯ ನಡುಗೆರೆಯಲ್ಲಿ 20 ಮಿಲಿಮೀಟರಿಗೊಂದರಂತೆ ರಂಧ್ರ ಕೊರೆದು, ತಲೆ ಕತ್ತರಿಸಿದ 3 ಮಿಲಿಮೀಟರು ದಪ್ಪದ ಮೊಳೆಯನ್ನು ಬೇಕಾದ ರಂಧ್ರದಲ್ಲಿ ನೆಡಬೇಕು. ಅದು 5 ಮಿಲಿಮೀಟರು ಮಾತ್ರ ಮೇಲೆ ಕಾಣಿಸಬೇಕು. ತಟ್ಟೆಗೆ ಅತಿ ಸಮೀಪದ ರಂಧ್ರವೂ ಪಟ್ಟಿಯ ತುದಿಯಿಂದ 20 ಮಿಲಿಮೀಟರು ಹಿಂದಿರಬೇಕು. ಮೊಳೆ ತಟ್ಟೆಗೆ ತಗಲಿದರೆ ಕಿಡಿ ಹಾರುತ್ತದೆ; ಮರದ ಹೊಟ್ಟಿನ ನಡುವೆ ಕಿಡಿ ಅಪಾಯಕಾರಿ.

5. ತಡೆ: ಪಟ್ಟಿಯ ಹಿಂತುದಿಗೆ ಒಂದು ಅಡ್ಡಗಟ್ಟಿಯನ್ನು ಸ್ಕ್ರೂಗಳಿಂದ ಬಿಗಿದು, ಅದರಲ್ಲಿ ನಟ್ಟು ಕೂರಿಸಿ, 6 ಮಿಲಿಮೀಟರು ದಪ್ಪದ ಉದ್ದನೆಯ ಬೋಲ್ಟೊಂದನ್ನು ತಟ್ಟೆಯ ದಿಕ್ಕಿಗೆ ತೂರಿಸಬೇಕು. ಪಟ್ಟಿಯನ್ನು ಮುಂದಕ್ಕೆ ತಳ್ಳಿದಾಗ ಬೋಲ್ಟಿನ ತುದಿ ತಳಹಲಗೆಯ ಹಿಂದಿನ ಅಂಚಿಗೆ ತಾಗಿ ನಿಲ್ಲುತ್ತದೆ. ಅಲ್ಲಿಗೆ ಮೊಳೆಗೂ ತಟ್ಟೆಗೂ ಇರುವ ದೂರವೇ ವೃತ್ತದ ತ್ರಿಜ್ಯ.

6. ಬಂಧನ: ಮೇಜಿನ ತೋಡಿಗೆ ಹೊಂದುವ ಪಟ್ಟಿಯೊಂದನ್ನು ತಳಹಲಗೆಯ ಅಡಿಗೆ ಅಂಟಿಸಬೇಕು. ಅನಂತರ ಎರಡು ಕ್ಲಾಂಪುಗಳಿಂದ ಹಲಗೆಯನ್ನು ಮೇಜಿಗೆ ಬಿಗಿಯಬೇಕು. ತೋಡಿಲ್ಲದ ಮೇಜಿನಲ್ಲಿ ಆ ಪಟ್ಟಿಯು ಮೇಜಿನ ಹೊರ ಅಂಚಿಗೆ ಒತ್ತಿ ನಿಲ್ಲುವಂತೆ ಮಾಡಿದರೆ ಸಾಕು.

ಬೋಲ್ಟಿನ ಲೆಕ್ಕ

ಈ ಜಿಗ್ಗಿನಲ್ಲಿ ವಿದ್ಯಾರ್ಥಿಗೆ ಗಣಿತವನ್ನು ಕಲಿಸುವ ಭಾಗವೆಂದರೆ ಬೋಲ್ಟು. ಸಾಮಾನ್ಯವಾದ 6 ಮಿಲಿಮೀಟರು ಮೆಟ್ರಿಕ್ ಬೋಲ್ಟಿನ ಎಳೆಯ ಅಂತರ 1 ಮಿಲಿಮೀಟರು. ಒಂದು ಸುತ್ತು ತಿರುಗಿಸಿದರೆ ತಡೆ 1 ಮಿಲಿಮೀಟರು ಸರಿಯುತ್ತದೆ. ಕಾಲು ಸುತ್ತಿಗೆ ಕಾಲು ಮಿಲಿಮೀಟರು. ಮೊಳೆಯ ರಂಧ್ರವು ಸ್ಥೂಲವಾದ ಅಳತೆಗೆ, ಬೋಲ್ಟು ಸೂಕ್ಷ್ಮವಾದ ಅಳತೆಗೆ.

300 ಮಿಲಿಮೀಟರು ವ್ಯಾಸದ ಮಣೆಯೊಂದು ಬೇಕಾಗಿದೆ ಎನ್ನೋಣ. ಮೊದಲು ರದ್ದಿ ತುಂಡಿನ ಮೇಲೆ ಪರೀಕ್ಷಿಸಿ ಅಳೆದಾಗ ವ್ಯಾಸ 301 ಮಿಲಿಮೀಟರು ಬಂದಿತು. ಬೋಲ್ಟನ್ನು ಎಷ್ಟು ಹಿಂದಕ್ಕೆ ತಿರುಗಿಸಬೇಕು? ಒಂದು ಸುತ್ತು ಎಂಬ ಉತ್ತರ ತಪ್ಪು. ಬೋಲ್ಟು ಬದಲಿಸುವುದು ತ್ರಿಜ್ಯವನ್ನು. ವ್ಯಾಸದ ಬದಲಾವಣೆ ಅದರ ಎರಡರಷ್ಟು. ಆದುದರಿಂದ ಅರ್ಧ ಸುತ್ತು ಸಾಕು. ಒಂದು ಸುತ್ತು ತಿರುಗಿಸಿದ್ದರೆ ಮಣೆ 299 ಮಿಲಿಮೀಟರಿಗೆ ಇಳಿದು ಹಾಳಾಗುತ್ತಿತ್ತು. ಮರವನ್ನು ತೆಗೆಯಬಹುದು, ಮತ್ತೆ ಹಚ್ಚಲಾಗದು.

ಬಳಸುವ ಕ್ರಮ

ಹಲಗೆಯ ಅಡಿಯಲ್ಲಿ ನಡುಬಿಂದು ಗುರುತಿಸಿ, ಮೊಳೆಗೆ ಸರಿಯಾಗುವ ರಂಧ್ರವನ್ನು 6 ಮಿಲಿಮೀಟರು ಆಳಕ್ಕೆ ಮಾತ್ರ ಕೊರೆಯಬೇಕು. ಮೇಲ್ಮೈಗೆ ತೂತು ಬೀಳಬಾರದು. ಕೈವಾರದಿಂದ ವೃತ್ತ ಬರೆದು ಗೆರೆಯ ಹೊರಗೆ 2 ಮಿಲಿಮೀಟರು ಬಿಟ್ಟು ಗರಗಸದಿಂದ ಕೊಯ್ಯಬೇಕು. ಹಲಗೆಯನ್ನು ಮೊಳೆಯ ಮೇಲೆ ಕೂರಿಸಿ, ತಟ್ಟೆಯಿಂದ ದೂರವಿಟ್ಟೇ ಯಂತ್ರವನ್ನು ಆರಂಭಿಸಬೇಕು. ಪೂರ್ಣ ವೇಗ ಬಂದ ಬಳಿಕ ಪಟ್ಟಿಯನ್ನು ಸುಮಾರು ಅರ್ಧ ಮಿಲಿಮೀಟರು ಒಳಗೆ ತಳ್ಳಿ ಹಲಗೆಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಪುನಃ ಅರ್ಧ ಮಿಲಿಮೀಟರು, ಪುನಃ ಒಂದು ಸುತ್ತು. ಬೋಲ್ಟು ತಾಗಿದ ಮೇಲೆ ಕೊನೆಯದಾಗಿ ಎರಡು ಸುತ್ತು. ನಡುವೆ ಒಂದೇ ಕಡೆ ನಿಂತರೆ ಅಲ್ಲಿ ಸುಟ್ಟ ಗುರುತು ಉಳಿಯುತ್ತದೆ. ಒಮ್ಮೆ ಹೊಂದಿಸಿದ ಜಿಗ್ಗಿನಿಂದ ಹತ್ತು ಮಣೆ ಮಾಡಿದರೂ ಹತ್ತೂ ಒಂದೇ ಅಳತೆಯಲ್ಲಿರುತ್ತವೆ.

ಅದೇ ತಳಕ್ಕೆ ಮತ್ತೊಂದು ಉಪಯೋಗ: ಚೌಕಟ್ಟಿನ ಮೂಲೆ

ಭಾವಚಿತ್ರದ ಚೌಕಟ್ಟಿಗೆ ನಾಲ್ಕು ಪಟ್ಟಿಗಳ ಎಂಟು ತುದಿಗಳನ್ನೂ 45 ಅಂಶಗಳ ಕೋನಕ್ಕೆ ತರಬೇಕು. ಒಂದೇ ಆಸರೆಗೆ ಒತ್ತಿ ಎಲ್ಲವನ್ನೂ ಉಜ್ಜುವಾಗ ಆಸರೆಯಲ್ಲಿ ಅರ್ಧ ಅಂಶದ ತಪ್ಪಿದ್ದರೆ ಒಂದೊಂದು ಮೂಲೆಯಲ್ಲಿ ಒಂದು ಅಂಶ ತಪ್ಪುತ್ತದೆ. ನಾಲ್ಕು ಮೂಲೆಗೆ ಅದು ನಾಲ್ಕು ಅಂಶವಾಗಿ ಕೊನೆಯ ಮೂಲೆ ಬಾಯಿಬಿಡುತ್ತದೆ.

ಇದಕ್ಕೆ ಸರಳವಾದ ಪರಿಹಾರವಿದೆ. ಮೂಲೆಮಟ್ಟದಿಂದ ಪರೀಕ್ಷಿಸಿದ ಶುದ್ಧ 90 ಅಂಶದ ಮೂಲೆಯುಳ್ಳ ಪ್ಲೈವುಡ್ ತುಂಡನ್ನು ಮತ್ತೊಂದು ತಳಹಲಗೆಯ ಮೇಲೆ, ಆ ಮೂಲೆ ತಟ್ಟೆಯ ಕಡೆಗೆ ತಿರುಗಿರುವಂತೆ, ತಟ್ಟೆಗೆ ತಾಗದಷ್ಟು ಹಿಂದೆ ಬಿಗಿಯಬೇಕು. ಮೂಲೆಯ ಎಡಬದಿಗೆ ಒಂದು ಪಟ್ಟಿ, ಬಲಬದಿಗೆ ಅದನ್ನು ಕೂಡುವ ಪಟ್ಟಿ. ತುಂಡು ಕೊಂಚ ವಾರೆಯಾಗಿ ಒಂದು ಬದಿ 44.5 ಅಂಶ, ಮತ್ತೊಂದು 45.5 ಅಂಶವಾದರೂ ಎರಡರ ಮೊತ್ತ 90 ಅಂಶವೇ ಆಗಿರುತ್ತದೆ. ಮೂಲೆಯಲ್ಲಿ ಸಂದು ಕಾಣುವುದಿಲ್ಲ. ಒಂದರ ಕೊರತೆಯನ್ನು ಮತ್ತೊಂದು ತುಂಬಿಕೊಡುತ್ತದೆ. 40 ಮಿಲಿಮೀಟರು ಅಗಲದ ಪಟ್ಟಿಯ ಓರೆಮುಖ ಸುಮಾರು 57 ಮಿಲಿಮೀಟರು. ಎರಡು ಬದಿಗೂ ಸೇರಿ 114. ತಟ್ಟೆಯ ಇಳಿಯುವ ಅರ್ಧದ ಅಗಲ 150 ಮಿಲಿಮೀಟರಾದುದರಿಂದ ಎರಡೂ ಬದಿಯ ಕೆಲಸ ಅದರೊಳಗೇ ಮುಗಿಯುತ್ತದೆ. ಎದುರುಬದುರಿನ ಪಟ್ಟಿಗಳ ಉದ್ದ ಒಂದೇ ಆಗಿರಬೇಕೆಂಬುದನ್ನು ಮಾತ್ರ ಮರೆಯಬಾರದು.

ಎಚ್ಚರಿಕೆ

ಉಪ್ಪುಕಾಗದಕ್ಕೆ ಹಲ್ಲಿಲ್ಲವೆಂದು ಉದಾಸೀನ ಮಾಡುವವರುಂಟು. ಸೆಕೆಂಡಿಗೆ 20 ಮೀಟರಿಗೂ ಮಿಕ್ಕಿ ಓಡುವ ಕಾಗದವು ಬೆರಳಿನ ಚರ್ಮವನ್ನು ಕ್ಷಣದಲ್ಲಿ ತೆಗೆಯುತ್ತದೆ. ಕೈ ತಟ್ಟೆಯಿಂದ ಒಂದು ಗೇಣು ದೂರವಿರಬೇಕು. ಗೇಣಿಗಿಂತ ಚಿಕ್ಕ ತುಂಡನ್ನು ಕೋಲಿನಿಂದ ಒತ್ತಿ ತಿರುಗಿಸಬೇಕು. ಯಂತ್ರದ ಮುಂದೆ ಕೈಚೀಲ ಧರಿಸಬಾರದು. ಹೆಗಲ ಮೇಲಿನ ವಸ್ತ್ರವನ್ನು ತೆಗೆದಿಡಬೇಕು. ಕೊರಳ ಶಿವದಾರವು ಹೊರಗೆ ಜೋಲದಂತೆ ಅಂಗಿಯೊಳಗೆ ಇರಬೇಕು. ಕಾಗದ ಬದಲಿಸುವಾಗ ವಿದ್ಯುತ್ ಸಂಪರ್ಕವನ್ನು ಕಿತ್ತಿಡಬೇಕು. ಗುಂಡಿ ಒತ್ತಿ ಆರಿಸಿದ ಮೇಲೂ ತಟ್ಟೆ ಪೂರ್ತಿ ನಿಲ್ಲುವವರೆಗೆ ಅಲ್ಲಿಂದ ಕದಲಬಾರದು.

ಗಾಯಕ್ಕಿಂತ ಮೌನವಾಗಿ ಕೆಡುಕು ಮಾಡುವುದು ಧೂಳು. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಿರ್ಣಯಿಸಿದೆ. ಮೂಗು ಮತ್ತು ಅದರ ಪಕ್ಕದ ಕುಹರಗಳಿಗೆ ಅಪಾಯ ಹೆಚ್ಚು. ತೇಗ, ಬೀಟೆಗಳ ಧೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ತರುತ್ತದೆ. ಕಿಟಕಿಗಳನ್ನು ತೆರೆದಿಡಬೇಕು. ಯಂತ್ರಕ್ಕೆ ಧೂಳು ಹೀರುವ ಕೊಳವೆ ಜೋಡಿಸಬೇಕು. ಸೂಕ್ಷ್ಮ ಧೂಳನ್ನು ತಡೆಯುವ ಎನ್ 95 ಬಗೆಯ ಮುಖಗವಸು ಧರಿಸಬೇಕು, ತೆಳುಬಟ್ಟೆ ಸಾಲದು. ಒಣ ಪೊರಕೆಯಿಂದ ಗುಡಿಸಿದರೆ ಧೂಳು ಮತ್ತೆ ಗಾಳಿಗೇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಬೇಕು. ಹದಿನಾರು ವರ್ಷದ ಹುಡುಗನೊಬ್ಬನು ಮರಗೆಲಸವನ್ನೇ ಜೀವನಕ್ಕೆ ಆರಿಸಿಕೊಂಡರೆ ಮುಂದೆ ನಲವತ್ತು ವರ್ಷ ಅದೇ ಗಾಳಿಯನ್ನು ಉಸಿರಾಡಬೇಕಾಗುತ್ತದೆ. ಶಾಲೆಯಲ್ಲಿ ಕಲಿತ ಅಭ್ಯಾಸವೇ ಅವನನ್ನು ಕಾಯಬಲ್ಲದು.

ಉಪಸಂಹಾರ

ಊರಿನ ಸಣ್ಣ ಬಡಗಿಗೆ ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಕೊಳ್ಳುವ ಶಕ್ತಿ ಇರುವುದಿಲ್ಲ. ಕಾರ್ಖಾನೆಯಿಂದ ಬಂದ ಅಗ್ಗದ ಮಣೆ, ಚೌಕಟ್ಟುಗಳ ಎದುರು ಅವನ ಕೈಗೆಲಸ ನಿಲ್ಲಬೇಕಾದರೆ ಅಳತೆ ಶುದ್ಧವಾಗಿರಬೇಕು, ಕಾಲವೂ ಉಳಿಯಬೇಕು. ಇರುವ ಒಂದೇ ಯಂತ್ರದಿಂದ ಹಲವು ಕೆಲಸ ತೆಗೆಯುವ ಜಾಣ್ಮೆ ಅವನ ಬದುಕಿನ ಪ್ರಶ್ನೆ. ವಿದ್ಯಾರ್ಥಿಯು ತನ್ನ ಜಿಗ್ಗನ್ನು ಮಾಡಿ ಮುಗಿಸಿದ ಮೇಲೆ ಅದರ ಮೇಲೆ ಅಳತೆಗಳನ್ನೂ ಮೊಳೆಯ ರಂಧ್ರಗಳ ದೂರವನ್ನೂ ಸ್ಪಷ್ಟವಾಗಿ ಬರೆದು ಕಾರ್ಯಾಗಾರದ ಗೋಡೆಗೆ ತೂಗುಹಾಕಬೇಕು. ಮುಂದಿನ ವರ್ಷ ಬರುವವನು ಅದನ್ನು ಬಳಸಲಿ, ಕೊರತೆ ಕಂಡರೆ ತಿದ್ದಲಿ. ಮಾಡಿದ ಕೆಲಸದ ಫಲವನ್ನು ತನ್ನಲ್ಲಿಯೇ ಇಟ್ಟುಕೊಳ್ಳದೆ ಸಮುದಾಯಕ್ಕೆ ಒಪ್ಪಿಸುವುದನ್ನು ಶರಣರು ದಾಸೋಹವೆಂದು ಕರೆದರು. ಕಾರ್ಯಾಗಾರದಲ್ಲಿ ಅದು ಪ್ಲೈವುಡ್ಡಿನ ಒಂದು ಜಿಗ್ಗಿನಿಂದಲೂ ಸಾಧ್ಯ.