ಆಟದ ಕಂಪ್ಯೂಟರಿನ ಚೀಟಿಯನ್ನು ಓದುವ ಬಗೆ

ಕಳೆದ ದೀಪಾವಳಿಯ ಬೋನಸ್ಸು ಕೈಗೆ ಬಂದ ವಾರದಲ್ಲಿ ನಮ್ಮ ವಾಚನಾಲಯದ ಸದಸ್ಯರೊಬ್ಬರು ಒಂದು ಚೀಟಿಯನ್ನು ತಂದು ಮೇಜಿನ ಮೇಲಿಟ್ಟರು. ಮಗ ಕಾಲೇಜು ಸೇರಿದ್ದಾನೆ. ಅವನಿಗೆ ಆಟದ ಕಂಪ್ಯೂಟರು, ಅಂದರೆ ಹುಡುಗರು ಗೇಮಿಂಗ್ ಪಿಸಿ ಎನ್ನುವುದು, ಬೇಕಂತೆ. ಭಾಗಗಳನ್ನು ಬಿಡಿಬಿಡಿಯಾಗಿ ಆರಿಸಿ ಜೋಡಿಸುವುದು. ಅಂಗಡಿಯವರು ಬರೆದುಕೊಟ್ಟ ಪಟ್ಟಿಯೇ ಆ ಚೀಟಿ. ಕೆಳಗೆ ಒಟ್ಟು 60,000 ರೂಪಾಯಿ. "ಮಾಲು ಈ ದುಡ್ಡಿಗೆ ಸರಿಯೋ ಅಲ್ಲವೋ, ಸ್ವಲ್ಪ ನೋಡಿ ಹೇಳಿ" ಎಂದರು.

ನೋಡಿದೆವು. ಎಂಟು ಕೋರಿನ ದುಬಾರಿ ಪ್ರೊಸೆಸರು, ಗಾಜಿನ ಕ್ಯಾಬಿನೆಟ್ಟು, ಅದರೊಳಗೆ ಬಣ್ಣದ ದೀಪದ ಆರು ಫ್ಯಾನು. ಗ್ರಾಫಿಕ್ಸ್ ಕಾರ್ಡು ಮಾತ್ರ 4 ಜಿಬಿಯ ಹಳೆಯದು. ಎಸ್‌ಎಂಪಿಎಸ್ ಎಂಬ ಸಾಲಿನಲ್ಲಿ ಕಂಪನಿಯ ಹೆಸರೇ ಇಲ್ಲ, ಬರೀ "450 ವ್ಯಾಟ್" ಎಂದಿದೆ. ಮದುವೆಗೆ ಮಂಟಪ ಕಟ್ಟಿಸಿ ಅಡಿಗೆಯವನಿಗೆ ಹೇಳುವುದನ್ನು ಮರೆತ ಹಾಗಾಗಿತ್ತು. ಅಂದಿನಿಂದ ಇಂಥ ಇನ್ನೂ ಮೂರು ಚೀಟಿಗಳು ನಮ್ಮ ಮುಂದೆ ಬಂದಿವೆ. ತಪ್ಪುಗಳು ಎಲ್ಲದರಲ್ಲಿಯೂ ಹೆಚ್ಚುಕಡಿಮೆ ಇವೇ. ಆದುದರಿಂದ ಈ ತಿಂಗಳ ಪಾಠಕ್ಕೆ ಇದನ್ನೇ ಆರಿಸಿಕೊಂಡಿದ್ದೇವೆ. ನಾವು ಇದರಲ್ಲಿ ಪಂಡಿತರೇನೂ ಅಲ್ಲ. ಒಮ್ಮೆ ಪೆಟ್ಟು ತಿಂದು ಕಲಿತವರು. ಆ ಕಥೆ ಮುಂದೆ ಬರುತ್ತದೆ.

ಮೊದಲು ಒಂದು ಮಾತು. ಇಲ್ಲಿ ಹೇಳುವ ಆಟ ದುಡ್ಡು ಕಟ್ಟುವ ಆಟವಲ್ಲ. ಅಂಥವನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯಿದೆಯೇ ನಿಷೇಧಿಸಿದೆ. ಇನ್ನು "ಆಟಕ್ಕೆ ಇಷ್ಟು ದುಡ್ಡೇ?" ಎಂಬ ಹಿರಿಯರಿಗೆ ನಮ್ಮ ಉತ್ತರವಿಷ್ಟೇ: ಆಟಕ್ಕೆ ಒದಗುವ ಯಂತ್ರ ಟ್ಯಾಲಿಗೂ, ವಿಡಿಯೋ ಜೋಡಿಸುವುದಕ್ಕೂ, ಮನೆಯ ನಕ್ಷೆ ಬಿಡಿಸುವುದಕ್ಕೂ ಒದಗುತ್ತದೆ. ಹುಡುಗ ಅದನ್ನು ಯಾವುದಕ್ಕೆ ಬಳಸುತ್ತಾನೆ ಎಂಬುದು ಮನೆಯವರಿಗೆ ಸೇರಿದ್ದು.

ಚೀಟಿಯನ್ನು ಎಲ್ಲರೂ ಪ್ರೊಸೆಸರಿನಿಂದ ಓದಲು ತೊಡಗುತ್ತಾರೆ, ಏಕೆಂದರೆ ಅದನ್ನೇ ಮೇಲೆ ಬರೆದಿರುತ್ತಾರೆ. ನಾವು ಪರದೆಯಿಂದ ತೊಡಗಬೇಕೆನ್ನುತ್ತೇವೆ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ, ಗುಣಿಸಿದರೆ 20,73,600. ಆಟ ತೊಡರದೆ ಸಾಗಬೇಕಾದರೆ ಸೆಕೆಂಡಿಗೆ 60 ಚಿತ್ರವಾದರೂ ಬೇಕು. ಅಂದರೆ ಪ್ರತಿ ಸೆಕೆಂಡಿಗೆ 12 ಕೋಟಿ 44 ಲಕ್ಷ ಚುಕ್ಕೆಗಳಿಗೆ ಬಣ್ಣ ತುಂಬುವ ಕೆಲಸ! 4ಕೆ ಎಂಬ ದೊಡ್ಡ ಪರದೆಯಲ್ಲಿ ಇದರ ನಾಲ್ಕು ಪಟ್ಟು. ಪರದೆ ದೊಡ್ಡದಾದಷ್ಟೂ ಗ್ರಾಫಿಕ್ಸ್ ಕಾರ್ಡಿನ ಖರ್ಚು ಏರುತ್ತದೆ. ನಮ್ಮ ಕೈಯಳತೆಗೆ 1080ರ ಪರದೆಯೇ ಸಾಕು. ಮೊದಲ ವರ್ಷ ಅದನ್ನೂ ಕೊಳ್ಳಬೇಕಾಗಿಲ್ಲ. ಮನೆಯ ಟಿವಿಗೆ ಎಚ್‌ಡಿಎಂಐ ತಂತಿ ಚುಚ್ಚಿದರೆ ಆಯಿತು. ಸಾಯಂಕಾಲದ ಧಾರಾವಾಹಿಯ ಹೊತ್ತಿಗೆ ಮನೆಯಲ್ಲಿ ಜಗಳವಾದರೆ ಅದಕ್ಕೆ ನಾವು ಹೊಣೆಯಲ್ಲ.

ಆ ಬಣ್ಣ ತುಂಬುವ ಕೆಲಸವನ್ನು ಮಾಡುವುದು ಗ್ರಾಫಿಕ್ಸ್ ಕಾರ್ಡು. ಪರದೆಯನ್ನು ಬಿಟ್ಟು ಉಳಿದ ದುಡ್ಡಿನಲ್ಲಿ ಮೂರನೆಯ ಒಂದು ಪಾಲು, ಸಾಧ್ಯವಿದ್ದರೆ ಇನ್ನೂ ತುಸು ಹೆಚ್ಚು, ಇದಕ್ಕೇ ಹೋಗಬೇಕು. ಬೆಲೆ ವಾರವಾರಕ್ಕೂ ಬದಲಾಗುವುದರಿಂದ ನಾವು ರೂಪಾಯಿ ಬರೆಯದೆ ಪಾಲು ಬರೆಯುತ್ತಿದ್ದೇವೆ. ಕಾರ್ಡಿನ ಮೇಲೆ ಅದರದೇ ನೆನಪು ಇರುತ್ತದೆ. ಈಗಿನ ದೊಡ್ಡ ಆಟಗಳಿಗೆ 8 ಜಿಬಿ ಇದ್ದರೆ ಒಳ್ಳೆಯದು, 4 ಜಿಬಿಗೆ ದುಡ್ಡು ಹಾಕಬೇಡಿರಿ. ಎಎಮ್‌ಡಿ ಕಂಪನಿಯ ಆರ್‌ಎಕ್ಸ್ 6600 ಎಂಬುದು 2021ರಲ್ಲಿ ಬಂದದ್ದು, 8 ಜಿಬಿ, 132 ವ್ಯಾಟ್. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಎಂಬುದು 2023ರದು, 8 ಜಿಬಿ, 115 ವ್ಯಾಟ್. ಇಂಟೆಲ್‌ನವರ ಆರ್ಕ್ ಬಿ580 ಎಂಬುದು 2024ರ ಕೊನೆಗೆ ಬಂತು, ಅದರಲ್ಲಿ 12 ಜಿಬಿ ಉಂಟು, ಆದರೆ ಅದಕ್ಕೆ ಹೊಸ ತಲೆಮಾರಿನ ಪ್ರೊಸೆಸರು ಜೊತೆಗಿದ್ದರೇ ಬೆಲೆಗೆ ತಕ್ಕ ಕೆಲಸ.

ಹೆಸರಿನ ಮೋಸವೊಂದುಂಟು. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ ಎರಡು ಮಾಲುಗಳಿವೆ. 2022ರಲ್ಲಿ ಬಂದದ್ದು 8 ಜಿಬಿಯದು. 2024ರಲ್ಲಿ ಬಂದದ್ದು 6 ಜಿಬಿಯದು, ಅದರ ಶಕ್ತಿಯೂ ಕಡಿಮೆ. ಚೀಟಿಯಲ್ಲಿ ಬರೀ "3050" ಎಂದಿದ್ದರೆ ಎಷ್ಟು ಜಿಬಿ ಎಂದು ಬರೆಸಿಕೊಳ್ಳಿರಿ. ಹಾಗೆಂದು 6 ಜಿಬಿಯದು ಕೆಲಸಕ್ಕೆ ಬಾರದ್ದಲ್ಲ. ಅದು 70 ವ್ಯಾಟಿನಲ್ಲಿ ಓಡುತ್ತದೆ, ಬೇರೆ ವಿದ್ಯುತ್ ತಂತಿಯನ್ನು ಕೇಳುವುದಿಲ್ಲ. ಹಳೆಯ ಆಫೀಸು ಕಂಪ್ಯೂಟರಿಗೆ ಜೀವ ತುಂಬುವುದಕ್ಕೆ ತಕ್ಕದ್ದು.

ಇನ್ನು ಪ್ರೊಸೆಸರು. ಗಿರಣಿಯಲ್ಲಿ ನೂಲಿನ ಖಾತೆ ಹಿಂದೆಬಿದ್ದರೆ ಮಗ್ಗದ ಖಾತೆ ಕೈಕಟ್ಟಿ ನಿಲ್ಲುತ್ತದೆ; ನೂಲು ಬೆಟ್ಟದಷ್ಟು ಬಿದ್ದಿದ್ದರೂ ಮಗ್ಗ ಕಡಿಮೆಯಿದ್ದರೆ ಬಟ್ಟೆ ಹೆಚ್ಚಾಗುವುದಿಲ್ಲ. ಪ್ರೊಸೆಸರಿಗೂ ಕಾರ್ಡಿಗೂ ಇರುವ ಸಂಬಂಧ ಇದೇ. ಆ ಸದಸ್ಯರ ಚೀಟಿಯಲ್ಲಿ ಎಂಟು ಕೋರಿನ ಪ್ರೊಸೆಸರು ನೂಲಿನ ರಾಶಿ ಹಾಕಿಕೊಂಡು 4 ಜಿಬಿಯ ಕಾರ್ಡಿನ ದಾರಿ ಕಾಯುತ್ತಿರುತ್ತಿತ್ತು. ಆರು ಕೋರು ಸಾಕು: ಎಎಮ್‌ಡಿಯ ರೈಝನ್ 5 5600, ಇಲ್ಲವೇ ಇಂಟೆಲ್‌ನ ಐ5 12400ಎಫ್, ಎರಡೂ 2022ರವು. ಕೌಂಟರ್ ಸ್ಟ್ರೈಕ್ 2, ವ್ಯಾಲರಂಟ್‌ನಂಥ ಆಟಗಳನ್ನೇ ಆಡುವವನು ಪ್ರೊಸೆಸರಿನ ಕಡೆಗೆ ತುಸು ಬಾಗಬಹುದು, ಅವು ಅದನ್ನೇ ಹೆಚ್ಚು ದುಡಿಸುತ್ತವೆ. ಕಥೆ ಇರುವ ದೊಡ್ಡ ಆಟಗಳು ಕಾರ್ಡನ್ನು ದುಡಿಸುತ್ತವೆ. ಆದುದರಿಂದ ಮಗನನ್ನು ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಕಂಪ್ಯೂಟರು?" ಎಂದಲ್ಲ, "ಯಾವ ಆಟ?" ಎಂದು.

ಹೆಸರಿನ ಕೊನೆಯ ಅಕ್ಷರವನ್ನು ನೋಡದೆ ಮುಂದೆ ಹೋಗಬೇಡಿರಿ. ಇಂಟೆಲ್‌ನಲ್ಲಿ ಎಫ್ ಎಂದಿದ್ದರೆ ಆ ಪ್ರೊಸೆಸರಿಗೆ ತಾನಾಗಿ ಚಿತ್ರ ತೋರಿಸಲು ಬರುವುದಿಲ್ಲ. ಕಾರ್ಡಿಲ್ಲದಿದ್ದರೆ ಪರದೆ ಕಪ್ಪು. ರೈಝನ್ 5600 ಕೂಡ ಹಾಗೆಯೇ. ಅದೇ 5600ಜಿ ಎಂದಿದ್ದರೆ ಒಳಗೇ ಸಣ್ಣ ಗ್ರಾಫಿಕ್ಸ್ ಉಂಟು. ಈ ಒಂದಕ್ಷರ ನಮ್ಮಂಥವರಿಗೆ ದೊಡ್ಡ ಉಪಕಾರ. ಏಕೆಂಬುದನ್ನು ಕೊನೆಗೆ ಹೇಳುತ್ತೇವೆ.

ಮದರ್‌ಬೋರ್ಡಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಪ್ರೊಸೆಸರು ಕೂಡುವ ಪೀಠ ಹೊಂದಬೇಕು, ಅಷ್ಟೇ: ರೈಝನ್ 5600ಕ್ಕೆ ಎಎಮ್4, ಐ5 12400ಕ್ಕೆ ಎಲ್‌ಜಿಎ 1700. ರ‍್ಯಾಮಿನಲ್ಲಿ ಡಿಡಿಆರ್4, ಡಿಡಿಆರ್5 ಎಂದು ಎರಡು ಜಾತಿ. ಒಂದರ ಗಾಡಿ ಇನ್ನೊಂದರ ಹಳಿಯ ಮೇಲೆ ಓಡದು, ಕಚ್ಚಿನ ಜಾಗವೇ ಬೇರೆ. ಎಎಮ್5 ಎಂಬ ಹೊಸ ಪೀಠ ಡಿಡಿಆರ್5 ಒಂದನ್ನೇ ಒಪ್ಪುತ್ತದೆ. ಮುಂದೆ ಪ್ರೊಸೆಸರು ಬದಲಿಸುವ ಆಸೆಯುಳ್ಳವರಿಗೆ ಅದು ಒಳ್ಳೆಯದು, ಆದರೆ ಕೈ ಸುಡುತ್ತದೆ. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ಜಗತ್ತಿನಾದ್ಯಂತ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮಾಲನ್ನು ಎತ್ತಿಕೊಳ್ಳತೊಡಗಿದುದೇ ಕಾರಣ. ಆ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿ ಕ್ರೂಷಿಯಲ್ ಎಂಬ ತನ್ನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಎಲ್ಲಿಯ ಅಮೆರಿಕ, ಎಲ್ಲಿಯ ಕೋಪರಿ! ಆದರೂ ಪೆಟ್ಟು ನಮ್ಮ ಬೋನಸ್ಸಿಗೇ ಬಿತ್ತು. ರ‍್ಯಾಮು 16 ಜಿಬಿ ಇರಲಿ. 16ರ ಒಂದು ಪಟ್ಟಿಗಿಂತ 8ರ ಎರಡು ಪಟ್ಟಿ ಲೇಸು, ಎರಡು ಬಾಗಿಲಿನಿಂದ ಮಾಲು ಸಾಗಿದಂತೆ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿರಿ.

ಈಗ ಎಸ್‌ಎಂಪಿಎಸ್. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ತಗಡಿನ ಪೆಟ್ಟಿಗೆ ಇದು. ಆಟಕ್ಕೆ ಒಂದು ಚಿತ್ರವನ್ನೂ ಇದು ಹೆಚ್ಚಿಸುವುದಿಲ್ಲ. ಆದುದರಿಂದಲೇ ಚೀಟಿ ಇಳಿಸಬೇಕಾದಾಗ ಎಲ್ಲರೂ ಇದರ ಮೇಲೆಯೇ ಕತ್ತರಿ ಹಾಕುತ್ತಾರೆ. ನಾವೂ ಹಾಕಿದ್ದೆವು. ನಮ್ಮ ಮನೆಯ ಹುಡುಗನಿಗೆ ಮೊದಲ ಯಂತ್ರ ಜೋಡಿಸಿದಾಗ ಕ್ಯಾಬಿನೆಟ್ಟಿನ ಜೊತೆಗೇ ಬಂದ ಅಗ್ಗದ ಎಸ್‌ಎಂಪಿಎಸ್ಸನ್ನು ಇಟ್ಟುಕೊಂಡು ಸುಮಾರು ಎರಡೂವರೆ ಸಾವಿರ ಉಳಿಸಿದೆವೆಂದು ಹಿಗ್ಗಿದೆವು. ಏಳನೆಯ ತಿಂಗಳು, ಮಳೆಗಾಲದ ಒಂದು ರಾತ್ರಿ, ಕರೆಂಟು ಹೋಗಿ ಬಂದದ್ದೇ ತಡ, ಪಟ್ ಎಂಬ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ತಾನೊಂದೇ ಹೋಗಲಿಲ್ಲ. ಮದರ್‌ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಒಂದೂವರೆ ವರ್ಷ ಚೀಟಿ ಫಂಡಿಗೆ ಕಟ್ಟಿದ ದುಡ್ಡು ಅದು. ಸುಟ್ಟ ಗುರುತಿರುವ ಮಾಲಿಗೆ ಗ್ಯಾರಂಟಿ ಇಲ್ಲವೆಂದರು. ಹುಡುಗ ಒಂದು ಮಾತೂ ಆಡಲಿಲ್ಲ. ಅದು ನಮಗೆ ಹೆಚ್ಚು ನೋವಾಯಿತು.

ಅದರ ಮೈಮೇಲಿನ ಚೀಟಿಯನ್ನು ಆಮೇಲೆ ಓದಿದೆವು, ಮೊದಲೇ ಓದಬೇಕಾಗಿತ್ತು. ದೊಡ್ಡಕ್ಷರದಲ್ಲಿ 450 ವ್ಯಾಟ್. ಕೆಳಗಿನ ಸಣ್ಣ ಕೋಷ್ಟಕದಲ್ಲಿ 12 ವೋಲ್ಟಿನ ಎದುರಿಗೆ 18 ಆಂಪಿಯರ್. ಗುಣಿಸಿ ನೋಡಿರಿ: 12 ಗುಣಿಲೆ 18, 216 ವ್ಯಾಟ್. ಪ್ರೊಸೆಸರೂ ಕಾರ್ಡೂ ಉಣ್ಣುವುದು ಈ 12 ವೋಲ್ಟಿನ ಬಟ್ಟಲಿನಿಂದಲೇ. ಮೇಲಿನ 450 ಬರೀ ಬೋರ್ಡು. ಈಗ ಖರ್ಚನ್ನು ಲೆಕ್ಕಹಾಕೋಣ: ಆರ್‌ಎಕ್ಸ್ 6600ಕ್ಕೆ 132, ಪ್ರೊಸೆಸರಿಗೆ ದುಡಿಯುವಾಗ 80 ಎಂದಿಡಿ, ಉಳಿದದ್ದಕ್ಕೆಲ್ಲ 40, ಒಟ್ಟು 252. ಕ್ಷಣಮಾತ್ರ ಕಾರ್ಡು ಇನ್ನೂ ಹೆಚ್ಚು ಎಳೆಯುವುದುಂಟು. 216ರ ಬಾವಿಯಿಂದ 252 ಸೇದಿದ್ದು ನಮ್ಮದೇ ತಪ್ಪು.

ಆದುದರಿಂದ ಹೆಸರುಳ್ಳ ಕಂಪನಿಯ, 12 ವೋಲ್ಟಿನಲ್ಲಿ ಕಡಿಮೆಯೆಂದರೆ 35 ಆಂಪಿಯರ್, ಅಂದರೆ 420 ವ್ಯಾಟ್ ಕೊಡುವ ಎಸ್‌ಎಂಪಿಎಸ್ಸೇ ಇರಲಿ. ಮೂರರಿಂದ ಐದು ವರ್ಷದ ಗ್ಯಾರಂಟಿ ಬರೆಸಿರಿ. "80 ಪ್ಲಸ್" ಎಂಬ ಮುದ್ರೆಯನ್ನು ಹಲವರು ನಂಬುತ್ತಾರೆ. 2004ರಲ್ಲಿ ಹುಟ್ಟಿದ ಈ ಮುದ್ರೆ, ಎಳೆದ ವಿದ್ಯುತ್ತಿನಲ್ಲಿ 80 ಪಾಲಾದರೂ ವ್ಯರ್ಥವಾಗದೆ ಒಳಗೆ ಸೇರುತ್ತದೆಂದು ಹೇಳುತ್ತದೆಯೇ ಹೊರತು ಆಪತ್ತಿನಲ್ಲಿ ಕಾಪಾಡುತ್ತದೆಂದು ಹೇಳುವುದಿಲ್ಲ. ಮುದ್ರೆ ಬೇಕು, ಅದೊಂದೇ ಸಾಲದು. ಇನ್ನೊಂದು ಮಾತು: ಹಳೆಯ ಚಾಳುಗಳ ಖೋಲಿಗಳಲ್ಲಿ ಮೂರು ತೂತಿನ ಪ್ಲಗ್ಗು ಇರುತ್ತದೆ, ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ತಂತಿಯೇ ಇರುವುದಿಲ್ಲ. ಯಂತ್ರ ತರುವ ಮೊದಲು ವೈರ್‌ಮನ್ನನ್ನು ಕರೆದು ಪರೀಕ್ಷೆ ಮಾಡಿಸಿರಿ. ಕರೆಂಟು ಬಿಲ್ಲಿನ ಭಯ ಬೇಡ: 300 ವ್ಯಾಟಿನ ಯಂತ್ರ ದಿನಕ್ಕೆ ಎರಡು ತಾಸು ಓಡಿದರೆ ತಿಂಗಳಿಗೆ 18 ಯೂನಿಟ್.

ಸೆಕೆಂಡ್ ಹ್ಯಾಂಡ್ ಮಾಲು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಕಾರ್ಡು ಕೊಳ್ಳುವಾಗ ಜೋಕೆ. ಇಥೀರಿಯಂ ಎಂಬ ನಾಣ್ಯವನ್ನು ಕಾರ್ಡುಗಳಿಂದ ಹಗಲಿರುಳು ತೆಗೆಯುತ್ತಿದ್ದ ಕಾಲವೊಂದಿತ್ತು; 2022ರ ಸೆಪ್ಟೆಂಬರ್ 15ಕ್ಕೆ ಅದು ನಿಂತಿತು, ಹಾಗೆ ದುಡಿದು ಬಳಲಿದ ಕಾರ್ಡುಗಳು ಪೇಟೆಗೆ ಬಂದವು. ಅರ್ಧ ತಾಸು ಆಟ ಓಡಿಸಿ ತೋರಿಸದ ಹೊರತು ದುಡ್ಡು ಕೊಡಬೇಡಿರಿ. ಆಫೀಸುಗಳು ಮಾರುವ ಹಳೆಯ ಇಂಟೆಲ್ ಯಂತ್ರ ಎಂಟನೆಯ ತಲೆಮಾರಿಗಿಂತ ಹಿಂದಿನದಾದರೆ ವಿಂಡೋಸ್ 11ರ ನಿಯಮಕ್ಕೆ ಹೊಂದುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕೊಳ್ಳುವ ಜಾಗ ನಮ್ಮವರಿಗೆಲ್ಲ ಗೊತ್ತಿದ್ದದ್ದೇ: ಗ್ರಾಂಟ್ ರೋಡ್ ಸ್ಟೇಶನ್ನಿನ ಹತ್ತಿರದ ಲ್ಯಾಮಿಂಗ್ಟನ್ ರಸ್ತೆ. ಬೋರ್ಡಿನ ಮೇಲೆ ಡಾ. ದಾದಾಸಾಹೇಬ ಭಡಕಮಕರ ಮಾರ್ಗ ಎಂದಿರುತ್ತದೆ. ಊರಲ್ಲಿದ್ದವರಿಗೆ ಬೆಂಗಳೂರಿನ ಎಸ್‌ಪಿ ರಸ್ತೆ ಹೇಗೋ ನಮಗೆ ಇದು ಹಾಗೆ. ಥಾಣೆಯಿಂದ ದಾದರಿಗೆ ಹೋಗಿ ಪಶ್ಚಿಮದ ಗಾಡಿ ಹಿಡಿಯಿರಿ. ಭಾನುವಾರ ಹೋಗಬೇಡಿರಿ, ಅಂಗಡಿಗಳು ಹೆಚ್ಚಿನವು ಮುಚ್ಚಿರುತ್ತವೆ. ಅರ್ಧ ದಿನ ರಜೆ ಹಾಕಿಯಾದರೂ ವಾರದ ದಿನ ಹೋಗಿರಿ. ಒಂದೇ ಚೀಟಿಯನ್ನು ಮೂರು ಅಂಗಡಿಯಲ್ಲಿ ತೋರಿಸಿರಿ. "ಬಿಲ್ಲು ಬೇಡವಾದರೆ ಕಡಿಮೆಗೆ ಕೊಡುತ್ತೇವೆ" ಎಂಬ ಮಾತು ಬಂದರೆ ಎದ್ದು ಬನ್ನಿರಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರು ಇರಬೇಕು. ಆ ಕಾಗದವಿಲ್ಲದಿದ್ದರೆ ಗ್ಯಾರಂಟಿ ಕೇಳಲು ಹೋದಾಗ ನಮ್ಮ ಮಾತಿಗೆ ಬಲವಿಲ್ಲ.

ಅಂಗಡಿಯಲ್ಲೇ ಜೋಡಿಸಿ ಓಡಿಸಿ ನೋಡಿ, ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿಸಿ ಅದರ ಪೆಟ್ಟಿಗೆಯಲ್ಲೇ ಬೇರೆಯಾಗಿ ತನ್ನಿರಿ. ಕಾರ್ಡು ಭಾರದ ವಸ್ತು. ಲೋಕಲಿನ ನೂಕುನುಗ್ಗಲಿನಲ್ಲಿ ಕ್ಯಾಬಿನೆಟ್ಟು ಅಡ್ಡಬಿದ್ದರೆ ಬೋರ್ಡಿನ ಸ್ಲಾಟೇ ಕಿತ್ತುಹೋಗುತ್ತದೆ. ಸಾಯಂಕಾಲದ ಗರ್ದಿಗೆ ಮುಂಚೆ ಹೊರಟು ಸಾಮಾನಿನ ಡಬ್ಬಿ ಹತ್ತಿರಿ.

ಆ ಮೊದಲ ಚೀಟಿ ಏನಾಯಿತೆಂದು ಹೇಳಬೇಕಲ್ಲ. ರ‍್ಯಾಮಿನ ಬೆಲೆ ನೋಡಿದಾಗ ಎಲ್ಲವನ್ನೂ ಒಮ್ಮೆಗೆ ಕೊಂಡರೆ ಯಾವುದೂ ನೆಟ್ಟಗಿರುವಂತಿರಲಿಲ್ಲ. ಹಾಗಾಗಿ ರೈಝನ್ 5600ಜಿ, 8ರ ಎರಡು ರ‍್ಯಾಮು, ಒಳ್ಳೆಯ ಎಸ್‌ಎಂಪಿಎಸ್, ದೀಪವಿಲ್ಲದ ಸಾದಾ ಕ್ಯಾಬಿನೆಟ್ಟು, ಇಷ್ಟೇ ಬರೆದೆವು. ಗ್ರಾಫಿಕ್ಸ್ ಕಾರ್ಡು ಮುಂದಿನ ಬೋನಸ್ಸಿಗೆ. ಹುಡುಗನ ಮುಖ ಸಣ್ಣದಾಯಿತು. ತಂದೆಯವರು ಉಳಿದ ದುಡ್ಡನ್ನು ಅವನ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿಟ್ಟು ಪಾಸ್‌ಬುಕ್ಕನ್ನು ಅವನ ಕೈಗೇ ಕೊಟ್ಟರು. ಈಗ ಅವನು ವ್ಯಾಲರಂಟ್ ಅನ್ನು ಟಿವಿಯ ಮೇಲೆ ಆಡುತ್ತಾನೆ, ದೊಡ್ಡ ಆಟಗಳಿಗೆ ಕಾಯುತ್ತಿದ್ದಾನೆ. ನಡುವೆ ಒಮ್ಮೆ ವಾಚನಾಲಯಕ್ಕೆ ಬಂದು ಆರ್ಕ್ ಬಿ580 ತನ್ನ ಯಂತ್ರಕ್ಕೆ ಹೊಂದೀತೇ ಎಂದು ಕೇಳಿದ. ಅದಕ್ಕೆ 190 ವ್ಯಾಟ್ ಬೇಕು. ಅವನ ಎಸ್‌ಎಂಪಿಎಸ್ ತಡೆಯುತ್ತದೆ, ಆದರೆ ಆ ಪ್ರೊಸೆಸರಿನ ಜೊತೆ ಕಾರ್ಡಿನ ಪೂರ್ಣ ಕೆಲಸ ಸಿಗಲಾರದು ಎಂದೆವು. ಮತ್ತೆ ಕೂತು ಲೆಕ್ಕ ಹಾಕುತ್ತಿದ್ದಾನೆ.

ಚೀಟಿಯುಳ್ಳ ಬೇರೆ ಸದಸ್ಯರೂ ದುಡ್ಡು ಕಟ್ಟುವ ಮೊದಲು ಅದನ್ನು ತರಲಿ. ಕೂತು ಓದೋಣ.