ಅಂಕಿಯೋ, ಮಾತೋ? ಆಟದಲ್ಲಿ 'ಕಷ್ಟ'ವನ್ನು ಅಳೆಯುವ ಬಗೆ

ನಾಲ್ಕೈದು ಮಂದಿ ಮೇಜಿನ ಸುತ್ತ ಕೂತು, ತಲೆಗೊಂದು ಪಾತ್ರ ವಹಿಸಿಕೊಂಡು, ಬರೀ ಮಾತಿನಲ್ಲೇ ಕಥೆ ಕಟ್ಟುವ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಅನ್ನುತ್ತಾರೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರಾಗನ್ಸ್' ಈ ಜಾತಿಯ ಆಟಗಳಿಗೆ ಮೂಲ. ಆಟ ನಡೆಸುವವರನ್ನು ನಾವು ಸೂತ್ರಧಾರ ಎನ್ನೋಣ. ಆಟಗಾರ "ನಾನು ಕೋಟೆ ಗೋಡೆ ಹತ್ತುತ್ತೇನೆ" ಅಂದ ಕೂಡಲೇ ಸೂತ್ರಧಾರ ತೀರ್ಮಾನಿಸಬೇಕು: ಈ ಗೋಡೆ ಎಷ್ಟು ಕಷ್ಟ? ಅದನ್ನು ಅಂಕಿಯಲ್ಲಿ ಹೇಳುವುದೋ, ಮಾತಿನಲ್ಲೋ?

ಮೊದಲು ಅಂಕಿ. ಈ ಆಟದ 2014ರ ಐದನೆಯ ಆವೃತ್ತಿಯಲ್ಲಿ ಸುಲಭಕ್ಕೆ 10, ಮಧ್ಯಮಕ್ಕೆ 15, ಕಷ್ಟಕ್ಕೆ 20 ಎಂದು ಪಟ್ಟಿ ಇದೆ. ಇಪ್ಪತ್ತು ಮುಖದ ದಾಳ ಉರುಳಿಸಿ, ಪಾತ್ರದ ಕೌಶಲದ ಅಂಕ ಕೂಡಿಸಿ, ಅಷ್ಟು ಮುಟ್ಟಿದರೆ ಗೆಲುವು. ಈಗ ಲೆಕ್ಕ ಹಾಕಿ ನೋಡಿ. ಕೌಶಲ ಸೊನ್ನೆಯಾದವನು 'ಸುಲಭ'ದಲ್ಲೂ ಗೆಲ್ಲುವುದು ನೂರಕ್ಕೆ 55 ಸಲ ಮಾತ್ರ, 'ಮಧ್ಯಮ'ದಲ್ಲಿ 30. ಕೌಶಲ 5 ಇದ್ದವನಿಗೆ ಅದೇ ಮಧ್ಯಮ 55 ಆಗುತ್ತದೆ. "ಸುಲಭ ಕಣಯ್ಯಾ" ಎಂಬ ಮಾತು ನಂಬಿ ಹತ್ತಿದವನು ಹೆಚ್ಚುಕಡಿಮೆ ಅರ್ಧ ಸಲ ಕೆಳಗೆ ಬಿದ್ದಿರುತ್ತಾನೆ! ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಆ ಒಂದು ಮಾತಿಗೆ ಸಾಯಬಹುದು.

ಇನ್ನು ಮಾತು. 1990ರ ದಶಕದಲ್ಲಿ ಸ್ಟೆಫನ್ ಓ'ಸಲಿವನ್ ರೂಪಿಸಿದ 'ಫಜ್' ಆಟದಲ್ಲಿ ಏಳು ಮೆಟ್ಟಿಲಿನ ಪದಗಳ ಏಣಿ ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅಧ್ವಾನ, ಕಳಪೆ, ಸಾಧಾರಣ, ಪರವಾಗಿಲ್ಲ, ಚೆನ್ನ, ಬಲು ಚೆನ್ನ, ಅದ್ಭುತ. ಪಾತ್ರದ ಕೌಶಲಕ್ಕೂ ಕೆಲಸದ ಕಷ್ಟಕ್ಕೂ ಇದೇ ಪದಗಳು. ಕೂಡು, ಕಳೆ, ಖಾಲಿ ಗುರುತಿನ ನಾಲ್ಕು ದಾಳ ಎಸೆದರೆ ಕೌಶಲ ಮೆಟ್ಟಿಲು ಏರುತ್ತದೆ, ಇಲ್ಲವೇ ಇಳಿಯುತ್ತದೆ. ಕೇಳುವುದಕ್ಕೆ ಹಿತವಾಗಿದೆ, ಕಥೆಯ ಓಟವೂ ಕೆಡುವುದಿಲ್ಲ. ಆದರೆ ಅಂಕಿ ಎಲ್ಲಿಗೂ ಹೋಗಿಲ್ಲ, ಪದದ ಹಿಂದೆ ಅಡಗಿದೆ ಅಷ್ಟೆ. ಕೌಶಲವೂ ಕಷ್ಟವೂ ಸಮವಿದ್ದರೆ ಗೆಲುವು ನೂರಕ್ಕೆ ಸುಮಾರು 62. ಕಷ್ಟ ಒಂದು ಮೆಟ್ಟಿಲು ಏರಿದರೆ 38. ಎರಡು ಏರಿದರೆ 19ಕ್ಕೂ ಕಡಿಮೆ.

ಇಲ್ಲಿ ಕನ್ನಡ ಓದುವ ನಮಗೆ ಒಂದು ಸುಳಿವು ಸಿಗುತ್ತದೆ. 'ಕಷ್ಟ' ಅಂದರೆ ಸಾಕು, "ಯಾರಿಗೆ?" ಅಂತ ನಮ್ಮ ಬಾಯಲ್ಲಿ ಚತುರ್ಥೀ ವಿಭಕ್ತಿ ತಾನೇ ಬರುತ್ತದೆ: ನನಗೆ ಕಷ್ಟ, ಅವಳಿಗೆ ಸುಲಭ. ಸಾಲದ್ದಕ್ಕೆ "ಸ್ವಲ್ಪ ಕಷ್ಟ ರೀ" ಅಂದರೆ ಎಷ್ಟೋ ಸಲ "ಆಗೋದಿಲ್ಲ" ಅಂತಲೇ ಅರ್ಥ! ಆದ್ದರಿಂದ ಜಗಳ ಅಂಕಿಗೂ ಮಾತಿಗೂ ಅಲ್ಲ. ಗೋಡೆ ಪಾಚಿಗಟ್ಟಿದೆ, ಹಿಡಿಯಲು ಸಂದಿಲ್ಲ ಎಂದು ಕಣ್ಣಿಗೆ ಕಟ್ಟಿಸಲು ಮಾತು ಬೇಕು. ಹತ್ತಬೇಕೋ ಬೇಡವೋ ಎಂದು ತೂಗಿ ನೋಡಲು ಅಂಕಿ ಬೇಕು. ಎರಡನ್ನೂ, ಅದೂ ದಾಳ ಉರುಳುವ ಮೊದಲೇ, ಹೇಳುವುದು ಸೂತ್ರಧಾರನ ಧರ್ಮ.

ಅಭ್ಯಾಸ: ಆಟಕ್ಕೆ ಮುಂಚೆ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. "ಕಷ್ಟದ ಕೆಲಸದಲ್ಲಿ ಹತ್ತಕ್ಕೆ ಎಷ್ಟು ಸಲ ಗೆಲ್ಲಬೇಕು?" ಎಂದು ಕೇಳಿ, ಒಬ್ಬರದೊಬ್ಬರು ನೋಡದ ಹಾಗೆ ಬರೆಸಿ. ಚೀಟಿಗಳು ಒಂದಕ್ಕೊಂದು ಹೊಂದದಿದ್ದರೆ, ಆ ಪದದ ಅರ್ಥವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಆಮೇಲೆ ಗೋಡೆ ಹತ್ತಿ.