ಕೊನೇ ಬಸ್ಸಿನ ನಂತರದ ಖರ್ಚು

ಜೇಬಿನಲ್ಲಿ ಐದುನೂರು ರೂಪಾಯಿ ಇಟ್ಟುಕೊಂಡು ರಾತ್ರಿ ಊರು ಸುತ್ತಲು ಹೊರಟವರು ಸಾಮಾನ್ಯವಾಗಿ ಊಟದ ದರ ವಿಚಾರಿಸುತ್ತಾರೆ. ನಾನು ಕೊನೇ ಬಸ್ಸಿನ ವೇಳೆ ವಿಚಾರಿಸುತ್ತೇನೆ. ಭಾಲ್ಕಿಯಲ್ಲಿ ಮನೆ, ಬೀದರ್‌ನಲ್ಲಿ ಕೆಲಸ. ರಾತ್ರಿಯ ಚಟ ಮಾತ್ರ ಎರಡೂ ಊರಿನದು.

ಬೀದರ್‌ನಲ್ಲಿ ರಾತ್ರಿ ನೋಡಬೇಕೆಂದರೆ ರಮಜಾನ್ ತಿಂಗಳಲ್ಲಿ ಬರಬೇಕು. ಹಳೇ ಪೇಟೆಯ ನಡುವೆ 71 ಅಡಿ ಎತ್ತರದ ಚೌಬಾರಾ. ಅಲ್ಲಿಂದ 1472ರ ಮಹಮೂದ್ ಗವಾನ್ ಮದರಸಾದ ಕಡೆಗೆ ನಡೆದರೆ ಹಲೀಮಿನ ಹಂಡೆ, ಕಬಾಬಿನ ಹೊಗೆ, ಚಹಾದಂಗಡಿ ಮುಂದೆ ನಿಂತೇ ಹರಟುವ ಮಂದಿ. ಇಬ್ಬರು ಹೊಟ್ಟೆ ತುಂಬ ತಿಂದು, ಮೇಲೆ ಎರಡು ಸಲ ಚಹಾ ಕುಡಿದರೂ ನೋಟು ಉಳಿದಿರುತ್ತದೆ. ನೋಡುವುದಕ್ಕಂತೂ ದುಡ್ಡಿಲ್ಲ. ಇಷ್ಟು ಅಗ್ಗದ ಸಂಜೆ ಬೆಂಗಳೂರಿನಲ್ಲಿ ಸಿಗುವುದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿರುತ್ತೇನೆ.

ಆದರೆ ಗಡಿಯಾರ ನೋಡದೆ ಕೂತರೆ ಲೆಕ್ಕ ತಿರುಗುತ್ತದೆ. ನಿಲ್ದಾಣಕ್ಕೆ ಬಂದರೆ ಟಂಟಂನವನು ಕಾಯುತ್ತಿರುತ್ತಾನೆ. “ಬಸ್ ಹೋಗ್ಯಾದ್ರೀ ಕಾಕಾ. ಇನ್ನೂ ನಾಕ್ ಮಂದಿ ಬರ್ಲಿ, ಬಿಡ್ತೀನಿ. ಅರ್ಜಂಟ್ ಇದ್ರ ಪೂರಾ ಗಾಡಿ ಮಾಡ್ಕೊಳ್ರಿ.” ಪೂರಾ ಗಾಡಿಯ ದರ ಊಟ, ಚಹಾ, ಪಾನು ಎಲ್ಲ ಕೂಡಿಸಿದ್ದಕ್ಕಿಂತ ಹೆಚ್ಚು. ಅವನನ್ನು ಬೈಯಲಾರೆ, ವಾಪಸ್ ಬರುವಾಗ ಅವನ ಗಾಡಿ ಖಾಲಿ.

ಈ ಪೆಟ್ಟು ಹೆಂಗಸರಿಗೆ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ನನ್ನ ಹೆಂಡತಿಗೆ ಸಾದಾ ಬಸ್ಸಿನಲ್ಲಿ ಸೊನ್ನೆ ಟಿಕೆಟ್, ನನಗೊಬ್ಬನಿಗೇ ದುಡ್ಡು. 2025ರ ಜನವರಿಯಲ್ಲಿ ದರ ಶೇ 15 ಏರಿದಾಗಲೂ ಅವಳಿಗೆ ಬಿಸಿ ತಟ್ಟಲಿಲ್ಲ. ಕೊನೇ ಬಸ್ಸು ತಪ್ಪಿತೋ, ಟಂಟಂನಲ್ಲಿ ಇಬ್ಬರದೂ ಒಂದೇ ದರ. ರಾತ್ರಿ ಕಾರ್ಯಕ್ರಮಕ್ಕೆ ಹೆಣ್ಣುಮಕ್ಕಳು ಯಾಕೆ ಬರುವುದಿಲ್ಲ ಎಂದು ಕೇಳುವ ಸಂಘಟಕರು ಈ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಬೇಕು.

ಲಾಡ್ಜ್ ಹಿಡಿಯಬಹುದಲ್ಲ ಎನ್ನುವವರಿದ್ದಾರೆ. ರಾತ್ರಿ ಒಂದಕ್ಕೆ ಹೊಕ್ಕು ಆರಕ್ಕೆ ಎದ್ದರೂ ಇಡೀ ದಿನದ ಬಾಡಿಗೆ. ಸಾವಿರ ರೂಪಾಯಿ ಒಳಗಿನ ಕೋಣೆಗೆ 2022ರ ಜುಲೈವರೆಗೆ ಜಿಎಸ್‌ಟಿ ಇರಲಿಲ್ಲ. ಆಮೇಲೆ ಶೇ 12 ಬಂತು, 2025ರ ಸೆಪ್ಟೆಂಬರ್ 22ರಿಂದ ಶೇ 5. ತೆರಿಗೆ ಇಳಿದದ್ದು ಒಳ್ಳೆಯದೇ. ಐದು ತಾಸಿನ ನಿದ್ದೆಗೆ ಅದೂ ದುಬಾರಿ.

ಬೀದರ್‌ನಲ್ಲಿ ಊಟದ ಖರ್ಚೇ ಇಲ್ಲದ ಜಾಗವೂ ಒಂದಿದೆ: ನಾನಕ್ ಝೀರಾ ಗುರುದ್ವಾರ. ತಲೆಗೆ ಬಟ್ಟೆ ಸುತ್ತಿ, ಚಪ್ಪಲಿ ಬಿಟ್ಟು ಪಂಕ್ತಿಯಲ್ಲಿ ಕೂತರೆ ರೊಟ್ಟಿ, ದಾಲ್ ಬಡಿಸುತ್ತಾರೆ. ಯಾವ ಊರು, ಯಾವ ಜಾತಿ ಎಂದು ಕೇಳುವವರಿಲ್ಲ. ಅಗ್ಗದ ಪ್ರವಾಸಿಗರು ಇದನ್ನು ಬಜೆಟ್‌ನಲ್ಲಿ ಸೊನ್ನೆ ಎಂದು ಬರೆದುಕೊಳ್ಳುವುದು ನನಗೆ ಸರಿಬರುವುದಿಲ್ಲ. ಹೋಟೆಲಿಗೆ ಕೊಡುತ್ತಿದ್ದಷ್ಟನ್ನು ಹುಂಡಿಗೆ ಹಾಕಿ, ಇಲ್ಲವೇ ಒಂದು ತಾಸು ತಾಟು ತೊಳೆಯಿರಿ.

ಒಮ್ಮೆ ಗುಂಪು ಪ್ರವಾಸದಲ್ಲಿ ಬ್ಯಾಂಕಾಕ್‌ಗೂ ಹೋಗಿದ್ದೆ. ಖಾವೊ ಸಾನ್ ರಸ್ತೆಯ ದೀಪ, ಹಾಡು, ತಳ್ಳುಗಾಡಿಯ ನೂಡಲ್ಸು ಎಲ್ಲ ಕೈಗೆಟುಕುವಂತಿದ್ದವು. ಅಲ್ಲಿಯೂ ನಡುರಾತ್ರಿಯ ಹೊತ್ತಿಗೆ ಮೆಟ್ರೊ, ಸ್ಕೈಟ್ರೇನು ನಿಲ್ಲುತ್ತವೆ. ಆಮೇಲೆ ಟುಕ್‌ಟುಕ್ಕಿನವನು ಹೇಳಿದ್ದೇ ದರ. ನಮ್ಮ ಟಂಟಂನವನ ಅಣ್ಣನೇ ಸರಿ. ಹೊರದೇಶದ ಕಾರ್ಡಿಗೆ ಅಲ್ಲಿನ ಎಟಿಎಂ ಒಂದೊಂದು ಸಲಕ್ಕೂ 220 ಬಾತ್ ಹಿಡಿದುಕೊಳ್ಳುತ್ತಿತ್ತು. ನಮ್ಮ ಗುಂಪಿನ ಹುಡುಗರು ರಾತ್ರಿ ರಾತ್ರಿ ಚೂರುಚೂರು ಹಣ ತೆಗೆದು, ಕುಡಿದದ್ದಕ್ಕಿಂತ ಹೆಚ್ಚು ಎಟಿಎಂಗೆ ಕುಡಿಸಿದರು.

ಕಡಿಮೆ ಖರ್ಚಿನ ಪೂರ್ತಿ ರಾತ್ರಿ ಬೇಕಿದ್ದರೆ ನನ್ನ ಮತ ಜಾತ್ರೆಗೆ. ಜಾತ್ರೆಯಲ್ಲಿ ಹಾಸಿಗೆಯೇ ಬೇಡ, ಬೆಳಗಿನ ಮೊದಲ ಬಸ್ಸಿನತನಕ ಊರು ಎಚ್ಚರ ಇರುತ್ತದೆ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಲ್ಲಿ ಚಂಪಾಷಷ್ಠಿಯ ಹೊತ್ತಿಗೆ ಭಂಡಾರ ಎರಚುವ ಮಂದಿ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ತೆಲಂಗಾಣದವರೂ ಹೌದು. ಔರಾದ್‌ನ ಅಮರೇಶ್ವರ ಜಾತ್ರೆ ಶಿವರಾತ್ರಿಯ ಸುಮಾರಿಗೆ ಬರುತ್ತದೆ. ಅಲ್ಲಿ ದೇವಣಿ ಎತ್ತು ನೋಡುತ್ತ, ರೈತರ ವ್ಯಾಪಾರದ ಮಾತು ಕೇಳುತ್ತ ಕಾಲ ಕಳೆಯುವುದಕ್ಕೆ ಒಂದು ಪೈಸೆ ಬೇಡ. ಭಜಿ, ಸುಸಲಾ, ಚಹಾಕ್ಕೆ ನೂರು ರೂಪಾಯಿ ಸಾಕು. ಜೊತೆಯಲ್ಲಿ ಮಕ್ಕಳಿದ್ದರೆ ಈ ಮಾತು ಮರೆತುಬಿಡಿ; ತೊಟ್ಟಿಲು, ಆಟಿಕೆ ಸಾಮಾನಿನ ಮುಂದೆ ಯಾವ ಬಜೆಟ್ಟೂ ನಿಲ್ಲದು.

ಔರಾದ್ ಪಟ್ಟಣಕ್ಕೆ ರೈಲಿಲ್ಲ, ಬಸ್ಸೇ ಗತಿ. ಭಾಲ್ಕಿಗೆ ರೈಲುಂಟು, ಆದರೆ ನಮ್ಮ ತಿರುಗಾಟ ಮುಗಿಯುವ ಹೊತ್ತಿಗೆ ಅದು ಬರಬೇಕಲ್ಲ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮಕ್ಕೆ ನನ್ನದೊಂದು ವಿನಂತಿ: ರಮಜಾನ್, ಜಾತ್ರೆ, ಬೀದರ್ ಉತ್ಸವದ ರಾತ್ರಿಗಳಲ್ಲಿ ಹನ್ನೆರಡರ ನಂತರ ಭಾಲ್ಕಿಗೊಂದು, ಔರಾದ್‌ಗೊಂದು ಬಸ್ಸು ಖಾತ್ರಿಯಾಗಿ ಇರಲಿ, ಅದರ ವೇಳೆಯನ್ನು ಬೀದರ್ ನಿಲ್ದಾಣದ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿ.